ಕೊಳಗದ ನಾಡಿನ ಮತಪೆಟ್ಟಿಗೆ

ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಪರಿಚಯದವರ ಮನೆಯ ಅಟ್ಟದ ಮೇಲೆ ಒಂದು ಹಳೆಯ ಕೊಳಗವಿದೆ. ಮರದ್ದು. ಬಾಯಿಗೆ ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ತಳವನ್ನು ಅಲ್ಲಲ್ಲಿ ಹುಳು ತಿಂದಿದೆ. ಮನೆಯ ಅಜ್ಜ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಮಡಿಲಲ್ಲಿಟ್ಟುಕೊಂಡು ಅಂಗೈಯಿಂದ ಅದರ ಬಾಯಿಯನ್ನು ಸವರಿದರು. ಭತ್ತವನ್ನು ಬಾಯಿಮಟ್ಟಕ್ಕೆ ತಲೆ ಹೊಡೆದು ಅಳೆಯುವುದೋ, ಗೋಪುರದ ಹಾಗೆ ರಾಶಿ ಏರಿಸಿ ಅಳೆಯುವುದೋ ಎಂಬುದರ ಮೇಲೆ ಒಂದು ಸಂಸಾರದ ಮಳೆಗಾಲದ ಊಟ ನಿಂತಿತ್ತು ಎಂದರು. ಗೇಣಿಯ ಲೆಕ್ಕ ಖಂಡುಗದಲ್ಲಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗವೊಂದು ಅರ್ಧ ಸೇರು ದೊಡ್ಡದಾದರೆ ಖಂಡುಗಕ್ಕೆ 10 ಸೇರು ಭತ್ತ ಲೆಕ್ಕಕ್ಕೇ ಸಿಗದೆ ಒಡೆಯರ ಕಣಜ ಸೇರುತ್ತದೆ. ಹತ್ತು ಖಂಡುಗ ಗೇಣಿ ಕೊಡುವವನಿಗೆ ಅದು 100 ಸೇರು.

ಸಾಗರ ವಿಧಾನಸಭಾ ಕ್ಷೇತ್ರದ ಚರಿತ್ರೆಯನ್ನು ಎಲ್ಲಿಂದ ಶುರುಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಕೊಳಗದಿಂದ ಎನ್ನುತ್ತೇನೆ. ಗೆದ್ದವರು ಸೋತವರ ಪಟ್ಟಿಯನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಆ ಪಟ್ಟಿಯನ್ನು ಜಾತಿ ಲೆಕ್ಕದಲ್ಲಿ ಓದುವವರಿದ್ದಾರೆ, ಸಮಾಜವಾದದ ಏಳುಬೀಳಿನ ಕಥೆಯಾಗಿ ಓದುವವರಿದ್ದಾರೆ, ಕಾಗೋಡು ತಿಮ್ಮಪ್ಪ ಎಂಬ ಒಬ್ಬ ಮನುಷ್ಯನ ಜೀವನಚರಿತ್ರೆಯಾಗಿ ಓದುವವರೂ ಇದ್ದಾರೆ. ಮೂರರಲ್ಲೂ ಸತ್ಯವಿದೆ. ಆದರೆ ಎಪ್ಪತ್ತು ವರ್ಷಗಳ ಉದ್ದಕ್ಕೂ ಇಲ್ಲಿ ಓಟು ಕೇಳಲು ಬಂದವರೆಲ್ಲ ಉತ್ತರ ಹೇಳಬೇಕಾಗಿ ಬಂದದ್ದು ಒಂದೇ ಪ್ರಶ್ನೆಗೆ. ನಾನು ಉಳುವ, ನಾನು ಮನೆ ಕಟ್ಟಿಕೊಂಡಿರುವ ಈ ನೆಲ ಯಾರ ಹೆಸರಿನಲ್ಲಿದೆ?

ಈ ಪ್ರಶ್ನೆ ಎದ್ದ ಕಾಲದಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಹೆಚ್ಚಿನಂಶ ದೀವರ ಸಮುದಾಯದವರು. ಜಮೀನು ಒಡೆಯರದು. ಗೇಣಿಗೆ ಚೀಟಿಯಿಲ್ಲ, ರಸೀತಿಯಿಲ್ಲ, ಅಳತೆಗೆ ಒಡೆಯರ ಮನೆಯ ದೊಡ್ಡ ಕೊಳಗ. ಅದರ ಜೊತೆಗೆ ಬಿಟ್ಟಿ ದುಡಿಮೆ. ಮೊಣಕಾಲಿನ ಕೆಳಗೆ ಪಂಚೆ ಇಳಿಬಿಟ್ಟು ಒಡೆಯರ ಮುಂದೆ ನಿಲ್ಲುವಂತಿರಲಿಲ್ಲ ಎಂಬುದನ್ನು ಆ ತಲೆಮಾರಿನವರು ಕೊನೆಯವರೆಗೂ ಮರೆತಿರಲಿಲ್ಲ. ಹೊಟ್ಟೆಯ ನೋವಿಗಿಂತ ಈ ನೋವು ಆಳ ಎಂದು ಅವರ ಮಾತು ಕೇಳಿದಾಗಲೆಲ್ಲ ನನಗೆ ಅನ್ನಿಸಿದೆ. ಶಾಲಾ ಮೇಷ್ಟರಾಗಿದ್ದ ಎಚ್. ಗಣಪತಿಯಪ್ಪ 1948ರಲ್ಲಿ ಸಾಗರ ತಾಲ್ಲೂಕು ರೈತ ಸಂಘವನ್ನು ಕಟ್ಟಿದರು. ಸರ್ಕಾರಿ ಅಳತೆಯ ಕೊಳಗದಲ್ಲೇ ಗೇಣಿ ಅಳೆಯಬೇಕು, ಕೊಟ್ಟ ಭತ್ತಕ್ಕೆ ರಸೀತಿ ಕೊಡಬೇಕು ಎಂಬುದು ಕೇಳಿದವರ ದೃಷ್ಟಿಯಲ್ಲಿ ತೀರ ಸಣ್ಣ ಬೇಡಿಕೆ, ಕೊಡಬೇಕಾದವರ ದೃಷ್ಟಿಯಲ್ಲಿ ಊರಿನ ವ್ಯವಸ್ಥೆಯನ್ನೇ ಬುಡಮೇಲು ಮಾಡುವ ಬೇಡಿಕೆ. ಗೇಣಿದಾರರನ್ನು ಜಮೀನಿನಿಂದ ಬಿಡಿಸುವ ಪ್ರಯತ್ನ ಶುರುವಾಯಿತು. 1951ರ ಏಪ್ರಿಲ್ 18ರಂದು ಕಾಗೋಡಿನ ರೈತರು ತಾವು ಉಳುತ್ತಿದ್ದ ಗದ್ದೆಗೇ ನೇಗಿಲು ಹೊತ್ತು ಇಳಿದರು. ತಂಡ ತಂಡವಾಗಿ ಬಂಧನಕ್ಕೆ ಒಳಗಾದರು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಶಾಂತವೇರಿ ಗೋಪಾಲಗೌಡರ ಮುಂದಾಳುತನದಲ್ಲಿ ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು, ಕಾಗೋಡಿನ ಗದ್ದೆಗೆ ಇಳಿದರು. ಅವರನ್ನು ಪೊಲೀಸರು ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲಿ.

ಕಾಗೋಡು ಸತ್ಯಾಗ್ರಹ ಎಂದು ಹೆಸರಾದ ಈ ಹೋರಾಟ ಆ ವರ್ಷ ಗೆಲ್ಲಲಿಲ್ಲ. ಇದನ್ನು ಒತ್ತಿ ಹೇಳಬೇಕು. ಕಾಗೋಡನ್ನು ಈಗ ನಾವು ದೊಡ್ಡ ವಿಜಯದ ಹಾಗೆ ಸ್ಮರಿಸುತ್ತೇವೆ. ಆದರೆ ಅಂದು ಜೈಲಿನಿಂದ ಬಂದ ಗೇಣಿದಾರರಿಗೆ ಗದ್ದೆ ಸಿಗಲಿಲ್ಲ. ಬಿತ್ತನೆಯ ಕಾಲ ಕಳೆದುಹೋಗಿತ್ತು, ಮನೆಯಲ್ಲಿ ಅಕ್ಕಿ ಮುಗಿದಿತ್ತು. ಜಿ. ರಾಜಶೇಖರ ಅವರ ‘ಕಾಗೋಡು ಸತ್ಯಾಗ್ರಹ’ ಪುಸ್ತಕ ನಮಗೆ ಮುಖ್ಯವಾಗಬೇಕಾದದ್ದು ಇದಕ್ಕೇ. ಹೋರಾಟವನ್ನು ಮೆರವಣಿಗೆಯ ಕಡೆಯಿಂದ ನೋಡದೆ ಗೇಣಿದಾರನ ಮನೆಯ ಕಡೆಯಿಂದ ನೋಡುವ ದಾರಿಯನ್ನು ಕನ್ನಡಕ್ಕೆ ತೋರಿಸಿದ ಪುಸ್ತಕ ಅದು.

ಆರೇಳು ತಿಂಗಳು ಕಳೆಯುವುದರೊಳಗೆ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ಬಂತು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಮತಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ ಅಂಟಿಸಿರುತ್ತಿದ್ದರು. ಮತದಾರ ತನ್ನ ಚೀಟಿಯನ್ನು ಮರೆಗೆ ಒಯ್ದು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳದು ಆಲದ ಮರ. ನಾನು ಆ ಮರೆಯನ್ನು ಎಷ್ಟೋ ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ. ಜೋಡೆತ್ತು ಹೂಡಿ ಉಳುವುದೇ ಬದುಕಾದವನು, ಅದೇ ಜೋಡೆತ್ತಿನ ಚಿತ್ರ ಒಡೆಯರ ಪಕ್ಷದ ಗುರುತಾಗಿ ಎದುರಿಗೆ ಕೂತಿರುವುದನ್ನು ನೋಡುತ್ತಾನೆ. ಪಕ್ಕದಲ್ಲಿ ಆಲದ ಮರ. ಹುಟ್ಟಿದಂದಿನಿಂದ ಯಾರಾದರೂ ನೋಡುತ್ತಿರುವಾಗಲೇ ಎಲ್ಲವನ್ನೂ ಮಾಡಿದ ಮನುಷ್ಯನಿಗೆ ಯಾರೂ ನೋಡದ ಮೂರಡಿ ಜಾಗ ಮೊದಲ ಬಾರಿಗೆ ಸಿಕ್ಕಿತ್ತು. ಸಾಗರ, ಹೊಸನಗರ ಭಾಗದ ಕ್ಷೇತ್ರದಿಂದ ಗೋಪಾಲಗೌಡರು ಗೆದ್ದರು. ಅವರಿಗಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ಹಣವಿರಲಿಲ್ಲ. ‘ಒಂದು ಓಟು, ಒಂದು ನೋಟು’ ಎಂದು ಮತದಾರರ ಬಳಿಯೇ ಕೈಯೊಡ್ಡಿ ಗೆದ್ದ ಚುನಾವಣೆ ಅದು ಎಂದು ಮಲೆನಾಡು ಇಂದಿಗೂ ನೆನೆಯುತ್ತದೆ.

ಇದೇ ಚುನಾವಣೆಯ ಇನ್ನೊಂದು ಫಲಿತಾಂಶವನ್ನು ಕಾಗೋಡಿನ ಕಥೆ ಹೇಳುವವರು ಅಷ್ಟಾಗಿ ಹೇಳುವುದಿಲ್ಲ. ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಕಾಂಗ್ರೆಸ್ಸಿನ ಕೆ. ಜಿ. ಒಡೆಯರ್ ಆಯ್ಕೆಯಾದರು. ಅವರು ಕಾಗೋಡಿನ ಜಮೀನುದಾರರು, ಸತ್ಯಾಗ್ರಹ ನಡೆದದ್ದು ಯಾರ ಗದ್ದೆಯಲ್ಲೋ ಅವರೇ. ಹೀಗಾಗಿ ಒಡೆಯರು ದೆಹಲಿಗೆ ಹೋದರು, ಗೇಣಿದಾರರ ಪರ ನಿಂತವರು ಬೆಂಗಳೂರಿಗೆ. 1957ರಲ್ಲಿ ಒಡೆಯರು ಮತ್ತೆ ಲೋಕಸಭೆಗೆ ಗೆದ್ದರೆ ಗೋಪಾಲಗೌಡರು ವಿಧಾನಸಭೆಗೆ ಸೋತರು. ಹೋರಾಟದ ನೆನಪೊಂದೇ ಓಟು ತರುವುದಿಲ್ಲ ಎಂಬ ಪಾಠವನ್ನು ಸಮಾಜವಾದಿಗಳು ಇಲ್ಲಿ ಬಹಳ ಬೇಗ ಕಲಿತರು.

ಮುಂದಿನ ಹದಿನೈದು ವರ್ಷಗಳನ್ನು ಬೇಗ ದಾಟಬಹುದು. ಗೋಪಾಲಗೌಡರು 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಸಾಗರದಲ್ಲಿ 1962ರಲ್ಲಿ ಸಮಾಜವಾದಿ ಅಭ್ಯರ್ಥಿಯಾಗಿ ನಿಂತು ಸೋತ ಯುವಕ ಕಾಗೋಡು ತಿಮ್ಮಪ್ಪ. ಸತ್ಯಾಗ್ರಹದ ದಿನಗಳಲ್ಲಿ ಇಪ್ಪತ್ತು ತುಂಬದ ಹುಡುಗನಾಗಿದ್ದವರು, ಆಮೇಲೆ ಕಾನೂನು ಓದಿ ಬಂದವರು. 1967ರಲ್ಲಿ ಗೋಪಾಲಗೌಡರ ಒಡನಾಡಿ ಕೆ. ಎಚ್. ಶ್ರೀನಿವಾಸ್ ಸಾಗರದಿಂದ ಗೆದ್ದರು. ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ. ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ ಬೆಳೆಯುತ್ತಿದ್ದದ್ದೂ ಇದೇ ಗಾಳಿಯಲ್ಲಿ. ಅಡಿಕೆ ತೋಟದ ನಡುವೆ ಕೂತು ಲೋಹಿಯಾರನ್ನೂ ಷೇಕ್ಸ್‌ಪಿಯರನನ್ನೂ ಒಟ್ಟಿಗೆ ಚರ್ಚಿಸಬಹುದು ಎಂಬ ಧೈರ್ಯ ಈ ತಾಲ್ಲೂಕಿಗೆ ಬಂದದ್ದರಲ್ಲಿ ಚುನಾವಣೆಗಳ ಪಾಲೂ ಇದೆ.

1972ಕ್ಕೆ ಬರೋಣ. ದೇವರಾಜ ಅರಸರ ನೇತೃತ್ವದ ಕಾಂಗ್ರೆಸ್ 216ರಲ್ಲಿ 165 ಸ್ಥಾನ ಗೆದ್ದ ವರ್ಷ. ಅಂಥ ಪ್ರವಾಹದಲ್ಲೂ ಸಾಗರದಿಂದ ಕಾಗೋಡು ತಿಮ್ಮಪ್ಪ, ಸೊರಬದಿಂದ ಎಸ್. ಬಂಗಾರಪ್ಪ, ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ ಸಮಾಜವಾದಿಗಳಾಗಿಯೇ ಗೆದ್ದು ಬಂದರು. ಒಂದೇ ಮಲೆನಾಡಿನ ಮೂವರು. ಆ ವರ್ಷದ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ನಲವತ್ತೊಂಬತ್ತೇ ವರ್ಷ. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪನಲ್ಲಿ ಗೋಪಾಲಗೌಡರ ಬದುಕಿನ ನೆರಳಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಾದಂಬರಿಯ ಹಾಸಿಗೆ ಹಿಡಿದ ನಾಯಕನಿಗಿಂತ, ತಾನು ಬದುಕಿನುದ್ದಕ್ಕೂ ಕೇಳಿದ ಕಾನೂನು ಇನ್ನೆರಡು ವರ್ಷದಲ್ಲಿ ಬರಲಿದೆ ಎಂಬುದನ್ನು ಕಾಣದೆ ಹೋದ ನಿಜ ಮನುಷ್ಯನ ಸಾವು ನನ್ನನ್ನು ಹೆಚ್ಚು ಕಾಡುತ್ತದೆ.

ಆ ಕಾನೂನು ಭೂಸುಧಾರಣಾ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶ. ಉಳುವವನು ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ತಾನು ಗೇಣಿದಾರ ಎಂದು ತೋರಿಸಿ, ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. 7ನೇ ನಮೂನೆಯ ಅರ್ಜಿ. ಮಲೆನಾಡಿನಲ್ಲಿ ಅದನ್ನು ‘ಡಿಕ್ಲರೇಶನ್ ಹಾಕುವುದು’ ಎನ್ನುತ್ತಿದ್ದರು. ಯಾವತ್ತೂ ರಸೀತಿ ಕೊಡದ ವ್ಯವಸ್ಥೆಯಲ್ಲಿ ಗೇಣಿದಾರ ತನ್ನ ಗೇಣಿಯನ್ನು ರುಜುವಾತು ಮಾಡುವುದು ಹೇಗೆ? 1951ರಲ್ಲಿ ಕಾಗೋಡಿನವರು ರಸೀತಿ ಕೇಳಿದ್ದರ ಅರ್ಥ ಇಪ್ಪತ್ತಮೂರು ವರ್ಷಗಳ ಮೇಲೆ ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಪಹಣಿಯಲ್ಲಿ ಹೆಸರಿದ್ದವರು ಗೆದ್ದರು. ಇಲ್ಲದವರಿಗೆ ಅಕ್ಕಪಕ್ಕದವರ ಸಾಕ್ಷಿಯೇ ಗತಿ. ಒಡೆಯರ ಹಂಗಿಗೆ ಬಿದ್ದು ಅರ್ಜಿಯನ್ನೇ ಹಾಕದವರೂ ಇದ್ದರು. ನಾಲ್ಕೆಕರೆ ಗದ್ದೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರು, ಸಣ್ಣ ಹಿಡುವಳಿಯ ಹವ್ಯಕ ಸಂಸಾರಗಳು ಅನುಭವಿಸಿದ ಕಷ್ಟವೂ ಸುಳ್ಳಲ್ಲ. ಆದರೂ ಒಟ್ಟಾರೆ ನೋಡಿದರೆ ಈ ಕ್ಷೇತ್ರದಲ್ಲಿ ಸ್ವಾತಂತ್ರ್ಯಾನಂತರ ನಡೆದ ಅತಿ ದೊಡ್ಡ ಬದಲಾವಣೆ ಇದೇ. ದೀವರ ಕೇರಿಗಳಲ್ಲಿ ಹೆಂಚಿನ ಮನೆ ಎದ್ದದ್ದು, ಮಕ್ಕಳು ಸಾಗರದ ಕಾಲೇಜಿಗೆ ಬಂದದ್ದು, ಗೇಣಿ ಗದ್ದೆಯ ಬದಿಗೆ ಸ್ವಂತದ ಅಡಿಕೆ ಸಸಿ ನೆಟ್ಟದ್ದು ಎಲ್ಲ ಆಮೇಲಿನ ಮಾತು.

ಭೂಸುಧಾರಣೆ ಯಾರನ್ನು ಮುಟ್ಟಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಗೇಣಿಗೂ ಗದ್ದೆ ಸಿಗದೆ ಬರೀ ಕೂಲಿಯಾಗಿ ಉಳಿದಿದ್ದ ದಲಿತ ಸಂಸಾರಗಳಿಗೆ 7ನೇ ನಮೂನೆಯಲ್ಲಿ ಬರೆಯಲು ಏನೂ ಇರಲಿಲ್ಲ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಲ್ಲಿ ಉಳುವವನು ಎಂದರೆ ಗೇಣಿದಾರ. ಅವನ ಗದ್ದೆಯಲ್ಲಿ ನಾಟಿ ಮಾಡುವವಳು ಲೆಕ್ಕಕ್ಕೆ ಬರಲಿಲ್ಲ. ಸಾಗರ ಈವರೆಗೆ ಒಬ್ಬ ಮಹಿಳೆಯನ್ನೂ ಶಾಸಕಿಯಾಗಿ ಆರಿಸಿ ಕಳಿಸಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನೆಲದ ಕಥೆ ಇಷ್ಟಕ್ಕೇ ಮುಗಿದಿದ್ದರೆ ಸಾಗರ ಕರ್ನಾಟಕದ ಇತರ ಕ್ಷೇತ್ರಗಳ ಹಾಗೆಯೇ ಇರುತ್ತಿತ್ತು. ಆದರೆ ಇಲ್ಲಿ ಶರಾವತಿ ಇದ್ದಾಳೆ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಮುಗಿದಾಗ ಮೊದಲ ಸಲ ಊರುಗಳು ಮುಳುಗಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರು ಹಳೆಯ ಅಣೆಕಟ್ಟನ್ನೂ ನುಂಗಿ ಸಾಗರ, ಹೊಸನಗರ ತಾಲ್ಲೂಕುಗಳ 300 ಚದರ ಕಿಲೋಮೀಟರಿಗೂ ಮಿಕ್ಕ ಜಾಗದಲ್ಲಿ ಹರಡಿತು. ನಾಡಿಗೆಲ್ಲ ದೀಪ ಬಂತು. ಇಸವಿಗಳನ್ನು ಸ್ವಲ್ಪ ಗಮನಿಸಿ. ಮುಳುಗಡೆ 1964, ಭೂಸುಧಾರಣೆ 1974. ಗೇಣಿದಾರ ಉಳುತ್ತಿದ್ದ ಗದ್ದೆ ಅವನದಾಗುವ ಹತ್ತು ವರ್ಷ ಮೊದಲೇ ನೀರಿನ ಅಡಿಗೆ ಹೋಯಿತು. ಪರಿಹಾರದ ಹಣ ಸಲ್ಲುವುದು ಪಟ್ಟಾದಾರನಿಗೆ. ಕಾಗೋಡಿನ ಗೇಣಿದಾರನಿಗೆ ತಡವಾಗಿಯಾದರೂ ಸಿಕ್ಕಿದ ನ್ಯಾಯ ಹಿನ್ನೀರಿನ ಅಡಿಯ ಗೇಣಿದಾರನಿಗೆ ಸಿಗುವ ಹಾಗೇ ಇರಲಿಲ್ಲ. ಲಾರಿಯಲ್ಲಿ ಪಾತ್ರೆಪಗಡ, ದನಕರು, ಮುದುಕರನ್ನು ತುಂಬಿಕೊಂಡು ಬಂದು ದೂರದ ಕಾಡಿನಲ್ಲಿ ಇಳಿಸಿದರು. ಅಲ್ಲಿ ಕಾಡು ಕಡಿದು ಗದ್ದೆ ಮಾಡಿದರು. ಆ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಕಂದಾಯ ಭೂಮಿ ಮಾಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಆ ಒಪ್ಪಿಗೆ ಇಲ್ಲದೆ ಹೊರಡಿಸಿದ್ದ ಅಧಿಸೂಚನೆಯನ್ನು 2021ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಅಜ್ಜನಿಗೆ ಸರ್ಕಾರವೇ ತೋರಿಸಿದ ಜಾಗದಲ್ಲಿ ಮೊಮ್ಮಗ ಒತ್ತುವರಿದಾರ.

ಹಿನ್ನೀರಿನಾಚೆಯ ಕರೂರು, ಭಾರಂಗಿ ಹೋಬಳಿಗಳು ಪೂರ್ತಿ ಮುಳುಗಲಿಲ್ಲ, ದ್ವೀಪದಂತಾದವು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ನಿಂತ ಒಂದು ಸಂಜೆ ನನಗೆ ನೆನಪಿದೆ. ಬಸ್ಸು, ಜೀಪು, ಹಾಲಿನ ಕ್ಯಾನು, ಸಿಗಂದೂರಿನ ದೇವಿಗೆ ಹರಕೆ ಹೊತ್ತವರು, ಶಾಲೆ ಬಿಟ್ಟ ಮಕ್ಕಳು ಎಲ್ಲರೂ ಒಂದೇ ಹಲಗೆಯ ಮೇಲೆ. ನನ್ನ ಪಕ್ಕದಲ್ಲಿ ನಿಂತಿದ್ದ ಬಾಣಂತಿಯ ತಾಯಿ, ಕೊನೆಯ ಲಾಂಚು ತಪ್ಪಿದರೆ ಈ ದಡದಲ್ಲೇ ರಾತ್ರಿ ಕಳೆಯಬೇಕು ಎಂದು ಮಗುವಿನ ತಲೆಗೆ ಸೆರಗು ಸುತ್ತುತ್ತಿದ್ದರು. ಚುನಾವಣೆಯಲ್ಲಿ ಮತಯಂತ್ರಗಳೂ ಇದೇ ಲಾಂಚಿನಲ್ಲಿ ದಾಟುತ್ತಿದ್ದವು. ಓಟು ಕೇಳುವವರೂ ಇದೇ ಲಾಂಚು ಹತ್ತಿ ಬಂದು ಸೇತುವೆಯ ಮಾತು ಕೊಟ್ಟು ಇದೇ ಲಾಂಚಿನಲ್ಲಿ ಮರಳುತ್ತಿದ್ದರು.

ಮತ್ತೆ ಚುನಾವಣೆಗಳತ್ತ ಬಂದರೆ, 1989, 1994, 1999 ಮೂರೂ ಬಾರಿ ಸಾಗರ ಕಾಗೋಡು ತಿಮ್ಮಪ್ಪನವರನ್ನು ಆರಿಸಿತು, ಈಗ ಕಾಂಗ್ರೆಸ್ ಅಭ್ಯರ್ಥಿಯಾಗಿ. ಯಾವ ಪಕ್ಷವನ್ನು ಎದುರಿಸಿ ಅವರ ರಾಜಕೀಯ ಹುಟ್ಟಿತ್ತೋ ಆ ಪಕ್ಷವೇ ಅವರ ಮನೆಯಾಯಿತು. ಇದನ್ನು ಸಮಾಜವಾದದ ಸೋಲು ಎಂದು ಬರೆದವರಿದ್ದಾರೆ. ನಾನು ಹಾಗೆ ಪೂರ್ತಿ ಒಪ್ಪಲಾರೆ. ಸಮಾಜವಾದಿಗಳ ಮುಖ್ಯ ಬೇಡಿಕೆಯನ್ನೇ ಅರಸರ ಕಾಂಗ್ರೆಸ್ ಕಾನೂನು ಮಾಡಿದ ಮೇಲೆ ಬೇರೆಯಾಗಿ ನಿಲ್ಲಲು ಅವರಿಗೆ ಕಾರಣ ಉಳಿದಿರಲಿಲ್ಲ. ಸೋಲಿದ್ದರೆ ಅದು ಆಮೇಲಿನದು: ಕೂಲಿಯವರ, ಮುಳುಗಡೆಯವರ ನೆಲಕ್ಕಾಗಿ ಎರಡನೆಯ ಕಾಗೋಡನ್ನು ಕಟ್ಟದೆ ಹೋದದ್ದು.

2004ರ ಹೊತ್ತಿಗೆ ಬಂಗಾರಪ್ಪನವರು ಬಿಜೆಪಿ ಸೇರಿದರು. ಅವರ ಹಿಂದೆ ಮಲೆನಾಡಿನ ದೊಡ್ಡ ಹಿಂಡೇ ಹೋಯಿತು. ಸಾಗರದಲ್ಲಿ ಬಿಜೆಪಿಯಿಂದ ನಿಂತು ಕಾಗೋಡು ಅವರನ್ನು ಸೋಲಿಸಿದವರು ಅವರ ಸೋದರಳಿಯ ಬೇಳೂರು ಗೋಪಾಲಕೃಷ್ಣ. 2008ರಲ್ಲೂ ಅವರೇ ಗೆದ್ದರು. ಬಂಗಾರಪ್ಪ ಮುಂದೆ ಬೇರೆ ಪಕ್ಷಗಳಿಗೆ ಹೋದರೂ ಅವರು ತೆರೆದ ಬಾಗಿಲು ಮುಚ್ಚಲಿಲ್ಲ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿಯಿಂದ ಎದುರಾಳಿಗಳ ಓಟು ಒಡೆಯಿತು, ಎಂಬತ್ತು ದಾಟಿದ ಕಾಗೋಡು ಗೆದ್ದರು. ವಿಧಾನಸಭಾಧ್ಯಕ್ಷರಾದರು, 2016ರಲ್ಲಿ ಕಂದಾಯ ಸಚಿವರಾದರು. 2018ರಲ್ಲಿ ಕಾಗೋಡು ಬಿಜೆಪಿಯ ಎಚ್. ಹಾಲಪ್ಪನವರ ಎದುರು ಸೋತರು. 2023ರಲ್ಲಿ ಹಾಲಪ್ಪನವರನ್ನು ಸೋಲಿಸಿದವರು ಅದೇ ಬೇಳೂರು ಗೋಪಾಲಕೃಷ್ಣ, ಈ ಸಲ ಕಾಂಗ್ರೆಸ್ಸಿನಿಂದ. ಆ ಚುನಾವಣೆಗೆ ಮೊದಲು ಟಿಕೆಟ್ ಕೇಳಿ ಸಿಗದೆ ಕಾಗೋಡು ಅವರ ಮಗಳು ಡಾ. ರಾಜನಂದಿನಿ ಬಿಜೆಪಿ ಸೇರಿದ್ದರು. ಒಂದೇ ಮನೆತನದ ಮಾವ, ಅಳಿಯ, ಮಗಳು ಎರಡೂ ದೊಡ್ಡ ಪಕ್ಷಗಳ ನಡುವೆ ಹಂಚಿಹೋದರು.

1989ರಿಂದ ಇಲ್ಲಿ ಗೆದ್ದ ಮೂವರೂ ದೀವರು. ಜಾತಿ ಲೆಕ್ಕದವರು ಇದನ್ನು ತೋರಿಸಿ ಎಲ್ಲವೂ ಸಂಖ್ಯೆಯ ಆಟ ಎನ್ನುತ್ತಾರೆ. ಸಂಖ್ಯೆ ಇದೆ ನಿಜ. ಆದರೆ ಆ ಸಂಖ್ಯೆ 1952ರಲ್ಲೂ ಇತ್ತು. ಒಡೆಯರ ಎದುರು ಪಂಚೆ ಇಳಿಬಿಡಲಾಗದವರ ಸಂಖ್ಯೆಗೂ ಪಹಣಿಯಲ್ಲಿ ಹೆಸರಿರುವವರ ಸಂಖ್ಯೆಗೂ ತೂಕ ಬೇರೆ. ಮೇಲಾಗಿ, ಎದುರಾಳಿಗಳಿಬ್ಬರೂ ಒಂದೇ ಜಾತಿಯವರಾದಾಗ ಗೆಲುವನ್ನು ಜಾತಿ ತೀರ್ಮಾನಿಸಲಾರದು. ಆಗ ಹವ್ಯಕರು, ಲಿಂಗಾಯತರು, ಒಕ್ಕಲಿಗರು, ದಲಿತರು, ಮುಸ್ಲಿಮರು ಯಾವ ಕಡೆ ವಾಲಿದರು, ಯಾರ ಅರ್ಜಿ ಯಾರ ಕಾಲದಲ್ಲಿ ವಿಲೇವಾರಿಯಾಯಿತು ಎಂಬುದೇ ಮುಖ್ಯವಾಗುತ್ತದೆ.

2008ರ ಪುನರ್ವಿಂಗಡಣೆಯನ್ನು ಹೇಳದಿದ್ದರೆ ಈ ಸಮೀಕ್ಷೆ ಅರ್ಧವಾಗುತ್ತದೆ. ಹೊಸನಗರ ಎಂಬ ಪ್ರತ್ಯೇಕ ಕ್ಷೇತ್ರವೇ ಇಲ್ಲವಾಯಿತು. ತಾಲ್ಲೂಕು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿಹೋಯಿತು. ಮುಳುಗಡೆಯಿಂದ ಬಹಳಷ್ಟು ಕಳೆದುಕೊಂಡ ತಾಲ್ಲೂಕಿಗೆ ತನ್ನದೇ ಶಾಸಕ ಎಂಬವರು ಇಲ್ಲ. ಜನಸಂಖ್ಯೆಯ ಲೆಕ್ಕದಲ್ಲಿ ಅದು ಸರಿ. ಜನ ಕಡಿಮೆಯಾದದ್ದು ಯಾಕೆ ಎಂದು ಆ ಲೆಕ್ಕ ಕೇಳುವುದಿಲ್ಲ. ಊರು ಮುಳುಗಿ ಜನ ಚದುರಿಹೋದ ನಾಡಿಗೆ ತಲೆಯೆಣಿಕೆಯಲ್ಲಿ ಮತ್ತೊಮ್ಮೆ ನಷ್ಟವಾಗುವುದು ನ್ಯಾಯ ಎಂದು ನನಗೆ ತೋರುವುದಿಲ್ಲ.

ಕಂದಾಯ ಸಚಿವರಾಗಿದ್ದ ಕಾಲದಲ್ಲಿ ಕಾಗೋಡು ತಿಮ್ಮಪ್ಪ ತಂದ ತಿದ್ದುಪಡಿಯೊಂದನ್ನು ಅವರ ರಾಜಕೀಯ ಜೀವನದ ನಿಜವಾದ ಕೊನೆಯ ಅಧ್ಯಾಯ ಎಂದು ನಾನು ತಿಳಿಯುತ್ತೇನೆ. ‘ವಾಸಿಸುವವನೇ ನೆಲದೊಡೆಯ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಅದು, ದಾಖಲೆಯಿಲ್ಲದ ಲಂಬಾಣಿ ತಾಂಡ, ಗೊಲ್ಲರಹಟ್ಟಿಗಳಂಥ ಜನವಸತಿಗಳಲ್ಲಿ ಬೇರೆಯವರ ಜಮೀನಿನ ಮೇಲೆ ಮನೆ ಕಟ್ಟಿಕೊಂಡಿರುವವರಿಗೆ ಆ ಜಾಗದ ಹಕ್ಕು ಕೊಡುತ್ತದೆ. ಉಳುವವನಿಂದ ವಾಸಿಸುವವನಿಗೆ ಬಂದದ್ದು ದೊಡ್ಡ ಹೆಜ್ಜೆ, ಅದು ಹೊರಟದ್ದು 1951ರ ಗದ್ದೆಯಿಂದಲೇ. ಆದರೆ ಅರಣ್ಯ ಎಂದು ಬರೆದಿರುವ ನೆಲದಲ್ಲಿ ವಾಸಿಸುವ ಮುಳುಗಡೆಯವನನ್ನು ಆ ಕಾನೂನು ತಲುಪಲಿಲ್ಲ. ಬಗರ್‌ಹುಕುಂ ಅರ್ಜಿಗಳು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ತಕರಾರುಗಳು, ಅರಣ್ಯ ಹಕ್ಕು ಸಮಿತಿಯ ಸಭೆಗಳು ಇವತ್ತಿಗೂ ಸಾಗರದ ರಾಜಕೀಯದ ದಿನನಿತ್ಯದ ಊಟ. 2022ರ ನವೆಂಬರಿನಲ್ಲಿ ಮುಳುಗಡೆ ಸಂತ್ರಸ್ತರ ಹೆಸರಿನಲ್ಲಿ ಆಯನೂರಿನಿಂದ ಶಿವಮೊಗ್ಗಕ್ಕೆ ಕಾಂಗ್ರೆಸ್ ಪಾದಯಾತ್ರೆ ನಡೆಸಿತು. ಚುನಾವಣೆಗೆ ಆರು ತಿಂಗಳಿತ್ತು.

2025ರ ಜುಲೈ 14ರಂದು ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು, ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. ಸುಮಾರು 2.4 ಕಿಲೋಮೀಟರ್ ಉದ್ದ. ಅರವತ್ತು ವರ್ಷ ಲಾಂಚಿಗೆ ಕಾದವರು ಈಗ ಐದು ನಿಮಿಷದಲ್ಲಿ ದಾಟುತ್ತಾರೆ. ಮೊದಲ ದಿನಗಳಲ್ಲಿ ಹಿನ್ನೀರಿನಾಚೆಯ ತುಮರಿ ಕಡೆಯ ಹಿರಿಯರು ಸೇತುವೆಯ ಮೇಲೆ ನಡೆದುಕೊಂಡೇ ಹೋಗಿ, ಕಟಾಂಜನ ಹಿಡಿದು ನೀರನ್ನು ನೋಡುತ್ತಾ ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಕೆಸರಿನ ಬಯಲಿನಲ್ಲಿ ಹಳೆಯ ಮರದ ಬೊಡ್ಡೆಗಳು, ಗದ್ದೆಯ ಬದುವಿನ ಗೆರೆಗಳು ಏಳುತ್ತವೆ. ಅವರಲ್ಲೊಬ್ಬರು ಈಗ ನೀರಿನಡಿ ಇದ್ದ ಆ ಗೆರೆಗಳತ್ತ ಕೈ ಚಾಚಿ ಮೊಮ್ಮಗಳಿಗೆ ಹೇಳುತ್ತಿದ್ದರು: ಅಗಾ, ಆ ಬದುವಿಂದ ಈಚೆ ನಮ್ಮ ಗೇಣಿ ಗದ್ದೆ. ಅವರ ಇನ್ನೊಂದು ಕಂಕುಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳ ಕಟ್ಟಿತ್ತು. ಸಾಗರದ ತಾಲ್ಲೂಕು ಕಚೇರಿಗೆ ಹೊರಟಿದ್ದರು.